ಗಿಟಾರಿಗೆ ಅರವತ್ತು ತುಂಬಿದ್ರ

ಏ ಕಟ್ಟಿ ಮ್ಯಾಲೆ ಕುಂತವ್ರ, ಏ ಆ ಕಡೆ ಗಾಡಿ ಒರಸಾಕತ್ತವ್ರ, ಐದು ನಿಮಿಷ ಇತ್ತಾಗ ಕಿವಿ ಕೊಡ್ರಿ. ಕೈಯಾಗಿನ ಕೆಲಸ ನಡೀಲಿ ನಿಮ್ದು, ಕಿವಿ ಅಷ್ಟ ಸಾಕು. ನಮ್ಮ ರಾಣೇಬೆನ್ನೂರಾಗ ನೀರು ಬಿಡೋ ಯೂಸುಫಸಾಬ ಗೊತ್ತಲ್ಲ? ಅಂವ ತನ್ನ ವಯಸ್ಸು ಹುಡುಕ್ಕೊಂಡು ಹೋದ ಕಥಿ ಇದು.

ಯೂಸುಫಸಾಬ ದಿನಾ ನಸುಕಿನ್ಯಾಗ ಎದ್ದು, ಸೈಕಲ್ಲಿಗೆ ಉದ್ದನ ಕಬ್ಬಿಣದ ಚಾವಿ ಕಟ್ಕೊಂಡು, ಓಣಿ ಓಣಿಗೆ ಹೋಗಿ ಬಗ್ಗಿ ವಾಲ್ವ್ ತಿರುವಾಂವ. ನೀರು ತಡಾ ಆದ್ರ ಹೆಣ್ಮಕ್ಕಳು ಕೊಡ ಹಿಡ್ಕೊಂಡು ಬೈತಾರ. ಲಗೂ ಬಿಟ್ರ, ಮಂದಿ ಇನ್ನೂ ಎದ್ದಿಲ್ಲ, ಯಾರ ಸಲುವಾಗಿ ಬಿಟ್ಟಿ ಅಂತ ಅದಕ್ಕೂ ಬೈತಾರ. ಮೂವತ್ತು ವರ್ಷ ಹಿಂಗ ಹೋದ್ವು. ಈಗ ಮಣಕಾಲು ಬಗ್ಗಂಗಿಲ್ಲ, ಬಗ್ಗಿದ್ರ ಏಳಂಗಿಲ್ಲ. ಚಾ ಕಪ್ಪು ಹಿಡದ್ರೂ ಮುಂಗೈ ನಡಗತೈತಿ.

ಕಾಗದದಾಗ ಅವನ ವಯಸ್ಸು ಐವತ್ತಾರು. ಆದ್ರ ತನಗ ಅರವತ್ತು ತುಂಬೇತಿ ಅನ್ನೋದು ಅವನ ಲೆಕ್ಕ. ಆ ಲೆಕ್ಕ ಬಂದದ್ದು ಅವರಪ್ಪನ ಗಿಟಾರಿನಿಂದ. ಅವರಪ್ಪ ಮದುವಿ ಆರ್ಕೆಸ್ಟ್ರಾದಾಗ ನಾಕು ತಂತಿ ಬೇಸ್ ಗಿಟಾರ್ ಬಾರಸ್ತಿದ್ದ. ಇದು ಅರವತ್ತೈದನೇ ಇಸ್ವಿ ಮಾಡಲ್ ಅಂತ ಕಂಡವ್ರ ಮುಂದೆಲ್ಲಾ ಹೇಳ್ತಿದ್ದ. ಅವರವ್ವ, ನೀ ಹುಟ್ಟಿದ್ದೂ ಇದು ಮನಿಗೆ ಬಂದದ್ದೂ ಒಂದ ವಾರ ಅಂತಿದ್ಲು. ಎರಡೂ ಕೂಡಿಸಿದ್ರ ಈ ಇಪ್ಪತ್ತೈದನೇ ಇಸ್ವಿಗೆ ಅರವತ್ತು, ಆತಲ್ಲ?

ಹೆಂಡ್ತಿ ದಿಲನಾಜ ಇದನ್ನ ನಂಬಾಕಿ ಅಲ್ಲ. ಅವಧಿಗಿಂತ ಮೊದ್ಲ ನೌಕರಿ ಬಿಡ್ತೇನಿ ಅಂತ ಇಂವ ದಿನಾ ರಗಳಿ ತಗದು ತಗದು, ಕಡೀಕ ಆಕಿ ಒಂದು ಕರಾರು ಹಾಕಿದ್ಲು.

“ಖರೇನ ಅರವತ್ತಾಗಿದ್ರ ಬಿಡ್ರಿ, ಕುಂತಲ್ಲೆ ಊಟಾ ಕೊಡ್ತೇನಿ. ಆಗಿರದಿದ್ರ ಮಣಕಾಲಿನ ಸುದ್ದಿ ನನ್ನ ಮುಂದ ಮತ್ತ ತಗೀಬ್ಯಾಡ್ರಿ.”

ಮರುದಿನ ಯೂಸುಫಸಾಬ ರಜಾ ಹಾಕಿ, ಗಿಟಾರ್ ಹಳೇ ಚಾದರದಾಗ ಸುತ್ತಿ, ತೊಡಿ ಮ್ಯಾಲಿಟ್ಕೊಂಡು ಹಾವೇರಿ ಬಸ್ಸಿನ್ಯಾಗ ಕುಂತ. ಕಂಡಕ್ಟರ್ ನೋಡಿ, ಕೂಸು ಮಲಗೇತೇನ್ರಿ, ಅರ್ಧಾ ಟಿಕೀಟು ತಗೋರಿ ಅಂದ. ಕೂಸಲ್ಲೋ ತಮ್ಮಾ, ಇದಕ್ಕ ಅರವತ್ತಾಗೇತಿ, ಹಿರೇರ ಟಿಕೀಟು ಕೊಡು ಅಂದ ಇಂವ.

ಹಾವೇರಿ ಸ್ಟೇಷನ್ ಕಡೆ ಅಯಾಜ್ ಅಂತ ಮೈಕು, ಆಂಪ್ಲಿಫೈಯರ್ ರಿಪೇರಿ ಮಾಡಾಂವ ಅದಾನ. ಇದು ಯಾವ ವರ್ಷದ್ದು ನೋಡು ಅಂತ ಇಂವ ಕೊಟ್ಟಾಗ, ಅಂವ ಮೊದ್ಲು ಮುಂದಿನ ಪ್ಲೇಟು ಬಿಚ್ಚಿ, ವಾಲ್ಯೂಮ್ ಕಂಟ್ರೋಲಿನ ಬೆನ್ನಮ್ಯಾಲಿನ ಅಂಕಿ ಓದಿದ. ಭಾಗ ತಯಾರಾದ ವರ್ಷ ಅಲ್ಲಿ ಒತ್ತಿರ್ತಾರಂತ. ಎಂಬತ್ತೆಂಟು ಅಂತ ಬಂತು. ಯೂಸುಫಸಾಬನ ಮಾರಿ ಇಳದ ಹೋತು. ತಡೀರಿ ಚಾಚಾ ಅಂದ ಅಯಾಜ್, ಇಲ್ಲಿ ಬೆಸುಗಿ ಬ್ಯಾರೆ ಯಾರದೋ ಕೈಯಿಂದು, ಕೆಟ್ಟದ್ದು ತಗದು ಯಾರೋ ಹೊಸಾದು ಹಾಕ್ಯಾರ, ಇದರ ಸಾಕ್ಷಿ ನಡ್ಯಂಗಿಲ್ಲ. ಆಮ್ಯಾಲೆ ತಂತಿ ಸಡ್ಲ ಮಾಡಿ, ಹಿಂದಿನ ನಾಕು ಸ್ಕ್ರೂ ತಗದು, ಗಿಟಾರಿನ ಕುತ್ತಿಗಿನ ಬಿಡಿಸಿದ. ಕುತ್ತಿಗಿ ಬುಡದಾಗ, ಬರೇ ಕಟ್ಟಿಗಿ ಮ್ಯಾಲೆ, ಮಾಡಿದಾಂವ ಪೆನ್ಸಿಲಿನಿಂದ ಬರದಿದ್ದ. ಮೂರನೇ ತಿಂಗಳು, ಎಪ್ಪತ್ಮೂರು.

“ಮುಬಾರಕ್ ಚಾಚಾ, ಎಂಟು ವರ್ಷ ಸಣ್ಣಾವ್ರಾದ್ರಿ.”

ಯೂಸುಫಸಾಬ ನಗಲಿಲ್ಲ. ಅರವತ್ತು ಒಯ್ಯಾಕ ಬಂದಾಂವಗ ಐವತ್ತೆರಡು ಕೈಗೆ ಬಂದಿತ್ತು. ಅಯಾಜ್ ಅಷ್ಟಕ್ಕ ಬಿಡಲಿಲ್ಲ, ಗಿಟಾರ್ ಬೋರಲ ಹಾಕಿ ತೋರಿಸಿದ. ಬೆನ್ನಿನ ಬಣ್ಣ ಒಂದ ಕಡೆ ಕೆರದು ಹೋಗಿತ್ತು, ಬೆಲ್ಟಿನ ಬಕಲ್ ತಿಕ್ಕಿ ತಿಕ್ಕಿ. ನಿಮ್ಮಪ್ಪ ಬೆಲ್ಟ್ ಹಾಕ್ತಿದ್ರೇನು ಅಂತ ಕೇಳಿದ. ಅವರಪ್ಪ ಸಾಯೂತನಕ ಪೈಜಾಮಾದ ಮನಶ್ಯಾ. ಅಂದ್ರ ಬೆಲ್ಟಿನಾಂವ ಯಾವನೋ ಮೊದ್ಲ ಒಂದೆರಡು ವರ್ಷ ಬಾರಿಸಿ, ಆಮ್ಯಾಲೆ ಇವರಪ್ಪಗ ಮಾರ್ಯಾನ. ಹಂಗಾರ ಗಿಟಾರ್ ಮನಿಗೆ ಬಂದದ್ದು ಎಪ್ಪತ್ತೈದರ ಸುಮಾರಿಗೆ. ತನ್ನ ಸಾಲಿಗೆ ಹಾಕಿದ್ದೂ ಎಪ್ಪತ್ತೈದಕ್ಕ ಅಂತ ಕಾಗದದಾಗ ಐತಿ. ತಾನೇನು ಸಾಲಿಗೆ ತೊಟ್ಟಿಲದಾಗ ಹೋಗಿದ್ದನೇನು?

ತಲಿ ಕೆಟ್ಟು, ವಾಪಸ್ ಬರೂ ದಾರ್ಯಾಗ ಬ್ಯಾಡಗಿಗೆ ಇಳದ. ಅಲ್ಲಿ ಅವನ ಅಕ್ಕ ಮೆಹಬೂಬಿ ಇರ್ತಾಳ. ಆಕಿ ಪಡಸಾಲ್ಯಾಗ ಮೆಣಸಿನಕಾಯಿ ರಾಶಿ ಮುಂದ ಕುಂತು ತೊಟ್ಟು ಮುರ್ಯಾಕತ್ತಿದ್ಲು. ಇಂವ ನಾಕು ಸಲ ಸೀನಿ, ನಡುವ ನಡುವ ಎಲ್ಲಾ ಹೇಳಿದ. ಮೆಹಬೂಬಿ ಕೈ ನಿಲ್ಲಸಲಿಲ್ಲ.

“ನೀ ಹುಟ್ಟಿದ ವಾರ ಬಂದದ್ದು ಬ್ಯಾಂಜೋ. ಆಮ್ಯಾಲೆ ಅದನ್ನ ಕೊಟ್ಟು ಹುಬ್ಬಳ್ಯಾಗ ಈ ಗಿಟಾರ್ ತಂದ್ರು. ಎಮ್ಮಿ ಕೊಟ್ಟು ಎಮ್ಮಿ ತಂದ್ರ, ಮನ್ಯಾಗಿಂದು ಅದ ಎಮ್ಮಿ ಅಂತ ಹಿಡೀತಾರಲ್ಲೋ, ಅಮ್ಮಾನೂ ಹಂಗ ಹಿಡದಿದ್ಲು.”

ಅರವತ್ತೈದರ ಮಾಡಲ್ ಅನ್ನೋದೂ ಅಂಗಡಿಯಾಂವ ಅಪ್ಪನ ಕಿವ್ಯಾಗ ಊದಿದ್ದಂತ. ಎತ್ತು ಮಾರಾಂವ ವಯಸ್ಸು ಇಳಸ್ತಾನ, ಗಿಟಾರ್ ಮಾರಾಂವ ಏರಸ್ತಾನ. ಇನ್ನ ಅದು ಬಂದ ದಿನ ಯೂಸುಫನ ಮುಂದಿನ ಎರಡು ಹಲ್ಲು ಬಿದ್ದಿದ್ವು, ಅದ ವಾರ ಮಾಸ್ತರು ಬಲಗೈ ತಲಿ ಮ್ಯಾಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ, ಮುಟ್ಟಿತು, ಆರು ವರ್ಷ ಆಗೇತಿ ಅಂತ ಸಾಲಿಗೆ ಹಾಕ್ಕೊಂಡ್ರು. ಇದೆಲ್ಲಾ ಆಕೀಗೆ ನಿನ್ನೆ ಮೊನ್ನೆ ಆದಂಗ ನೆನಪಿತ್ತು.

ಯೂಸುಫಸಾಬ ಬೆರಳು ಮಡಚಿದ. ಎಪ್ಪತ್ತೈದಕ್ಕ ಆರು. ಅಂದ್ರ ಹುಟ್ಟಿದ್ದು ಅರವತ್ತೊಂಬತ್ತು. ಮತ್ತ ಅದ ಐವತ್ತಾರು. ಕಾಗದದ ಮಾತ ಖರೇ ಆತು. ನೌಕರಿ ಇನ್ನೂ ನಾಕು ವರ್ಷ.

“ನಿಂಗ ವಯಸ್ಸಾಗಿಲ್ಲೋ ಯೂಸುಫ,” ಅಂದ್ಲು ಮೆಹಬೂಬಿ, “ದಣದೀದಿ, ಅಷ್ಟ.”

ರಾಣೇಬೆನ್ನೂರು ಮುಟ್ಟೂತನಕ ಅಂವ ಒಂದ ವಿಚಾರ ಮಾಡಿದ. ಮನಿಗೆ ಹೋಗಿ ಅರವತ್ತ ಐತಿ ಅಂದು ಬಿಟ್ರ ಯಾರು ಕೇಳ್ತಾರ? ಅಯಾಜ್ ಬಂದು ಹೇಳಾಂವಲ್ಲ. ಮೆಹಬೂಬಿ ಬಾಯಿ ಮುಚ್ಚಸಬಹುದು. ಬಸ್ಸು ಇಳದು ನಾಕು ಹೆಜ್ಜಿ ಹಾಕೂತನಕ ಅರವತ್ತ ಅನ್ನೂದು ನಾಲಿಗಿ ತುದಿಗಿತ್ತು.

ದಿಲನಾಜ ಬಾಗಲದಾಗ ಕುಂತು ಅಕ್ಕಿ ಹಸನ ಮಾಡಾಕತ್ತಿದ್ಲು. ಹೊತ್ತು ಇನ್ನೂ ಮುಳುಗಿದ್ದಿಲ್ಲ. ಏನಾತ್ರಿ ಅಂತ ಕೇಳಿದ್ಲು.

“ಐವತ್ತಾರ,” ಅಂದ ಯೂಸುಫಸಾಬ.

ಆಕಿ ಅಕ್ಕಿ ಮೊರ ಕೆಳಗಿಟ್ಲು. ನಾ ಹೇಳಿದ್ದಿಲ್ಲೇನು ಅಂತ ಅಂತಾಳ ಅಂತ ಇಂವ ಕಾದ. ಆಕಿ ಎದ್ದು ಒಳಗ ಹೋದ್ಲು. ಬಿಸಿನೀರು ತಂದಿಟ್ಟು, ಹೊಸ್ತಿಲ ಮ್ಯಾಲ ಕುಂದ್ರಿಸಿ, ಯಾವ ಮಣಕಾಲು ಭಾಳ ನೋಯ್ತೈತಿ ಅಂತ ಕೇಳಿದ್ಲು. ಎರಡೂ ಅಂದ. ಕರಾರು ಹೆಂಗರ ಇರ್ಲಿ, ಆಕಿ ಅವತ್ತ ಎರಡಕ್ಕೂ ಎಣ್ಣಿ ತಿಕ್ಕಿದ್ಲು.

ಆಮ್ಯಾಲೆ ಯೂಸುಫಸಾಬ ತನ್ನ ಬದ್ಲಿ ಆ ದಿನ ನೀರು ಬಿಟ್ಟಿದ್ದ ದುರಗಪ್ಪಗ ಫೋನ್ ಹಚ್ಚಿ, ನಾಳೆ ನೀ ಬರೂದು ಬ್ಯಾಡ, ನಾನ ಬರ್ತೇನಿ ಅಂದು ಫೋನ್ ಇಟ್ಟ.