ಕೆಂಪಾಜಮ್ಮನ ಕಾಲ ಮೇಲಿನ ನಾಯಿ

ನಂಜನಗೂಡಿನ ನಮ್ಮ ಬೀದಿಯಲ್ಲಿ ನನ್ನ ಅತ್ತೆ ಕೆಂಪಾಜಮ್ಮನ ಕೈಯಲ್ಲಿ ನೀರು ಹಾಕಿಸಿಕೊಳ್ಳದೆ ಬೆಳೆದ ಮಗುವೇ ಇರಲಿಲ್ಲ. ಬೆಳಿಗ್ಗೆ ಬಾಣಂತಿ ಮನೆಗೆ ಹೋಗಿ, ನೆಲದ ಮೇಲೆ ಕಾಲು ಚಾಚಿ ಕೂತು, ಎಳೆಗೂಸನ್ನು ಕಾಲ ಮೇಲೆ ಮಲಗಿಸಿ, ಹರಳೆಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಹಿಡಿದು ಮಲಗಿಸಿದರೆ ಮಧ್ಯಾಹ್ನದವರೆಗೆ ಅದು ಕಮಕ್ ಕಿಮಕ್ ಅನ್ನುತ್ತಿರಲಿಲ್ಲ. ಸೊಸೆಯಾಗಿ ಹೇಳುತ್ತೇನೆ, ಆ ನಯವೆಲ್ಲ ಕೂಸುಗಳಿಗೆ ಮಾತ್ರ. ನಮ್ಮ ಪಾಲಿಗೆ ಬರೀ ಬೈಗುಳ.

೧೯೯೮ರ ಡಿಸೆಂಬರಿನಲ್ಲಿ ನನ್ನ ಗಂಡ ನಿಂಗರಾಜು ಡ್ರೈವರಾಗಿದ್ದ ಕಾರ್ಖಾನೆಯ ಸಾಹೇಬರಿಗೆ ವರ್ಗವಾಯಿತು. ಹೊರಡುವಾಗ ತಮ್ಮ ನಾಯಿಯನ್ನು ಇವರ ಕೈಗಿಟ್ಟರು. ಮೊಣಕಾಲೆತ್ತರವೂ ಇಲ್ಲದ, ಮೈಮೇಲೆ ಒಂದು ಕೂದಲೂ ಇಲ್ಲದ ಬೂದುಬಣ್ಣದ ಪ್ರಾಣಿ. ಮೆಕ್ಸಿಕೋ ಕಡೆಯ ತಳಿಯಂತೆ. ಹೆಸರು ಪಿಂಕಿ.

"ಇದನ್ನ ಒಳಗೆ ಬಿಟ್ರೆ ನಾನು ತವರಿಗೆ ಹೋಗ್ತೀನಿ" ಎಂದೆ. ಅತ್ತೆ ನನ್ನ ಕಡೆ ತಿರುಗಲೂ ಇಲ್ಲ. ಚಳಿಗೆ ನಡುಗುತ್ತಿದ್ದ ಅದರ ಮೈ ಸವರಿ, "ಅಯ್ಯೋ ಶಿವನೇ, ಈಗ್ತಾನೇ ಉಟ್ಟಿದ್ದಂಗದಲ್ಲೋ ಇದು!" ಎಂದರು. ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ಪಿಂಕಿ ಅವರ ಕಾಲ ಮೇಲಿತ್ತು. ಎಣ್ಣೆ, ಬಿಸಿನೀರು, ಸಾಂಬ್ರಾಣಿ, ಸುತ್ತಲು ಹಳೇ ಸೀರೆಯ ತುಂಡು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಕೆನ್ನೆಗೊಂದು ದೃಷ್ಟಿಬೊಟ್ಟು ಬೇರೆ.

ಕೆಂಪಾಜಮ್ಮ ಕಜ್ಜಿ ನಾಯಿ ತಿಕ್ಕಿದ ಕೈಯಲ್ಲೇ ಕೂಸು ಮುಟ್ಟುತ್ತಾಳೆ ಎಂಬ ಸುದ್ದಿ ಬೀದಿಗೆಲ್ಲ ಹಬ್ಬಿತು. ದನದ ಡಾಕ್ಟರ್ ಗಂಗಾಧರಸ್ವಾಮಿ ನೋಡಿ, "ರೋಗ ಏನೂ ಇಲ್ಲ ಕಣಮ್ಮ, ಈ ಜಾತಿ ಹುಟ್ಟೋದೇ ಹೀಗೆ" ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿಯನ್ನು ಯಾರೂ ನಂಬಲಿಲ್ಲ. ಒಂದೇ ತಿಂಗಳಲ್ಲಿ ಮೂರು ಮನೆಯವರು ಬರಬೇಡಿ ಎಂದರು. ಕೊನೆಯವರು ಎದುರು ಮನೆಯ ಚನ್ನಬಸಮ್ಮ. ಅವರ ಮಗಳು ಮಂಗಳಗೌರಿ ಬನ್ನೂರಿನಿಂದ ಬಾಣಂತನಕ್ಕೆ ಬಂದಿದ್ದಳು. ಆ ಮಂಗಳಗೌರಿಯನ್ನೂ ಕಾಲ ಮೇಲೆ ಹಾಕಿಕೊಂಡು ನೀರು ಹುಯ್ದವರು ಅತ್ತೆಯೇ. ಈಗ ಅವಳ ಕೂಸು ಯಾರದೋ ಒರಟು ಕೈಯಲ್ಲಿ ಬೆಳಿಗ್ಗೆಯೆಲ್ಲ ಕಿರುಚುತ್ತಿತ್ತು. ಅತ್ತೆ ಅನ್ನ ಬಿಟ್ಟು ಏಳುತ್ತಿದ್ದರು.

ಕೊನೆಗೆ ಒಂದು ದಿನ ನಾಯಿಯನ್ನು ಚೀಲದಲ್ಲಿ ಕೂರಿಸಿಕೊಂಡು, ತಾಂಡವಪುರದ ತಂಗಿಯ ಮನೆಯಲ್ಲಿ ಬಿಟ್ಟುಬರುತ್ತೇನೆಂದು ಬಸ್ಸು ಹತ್ತಿದರು. ಸಂಜೆ ಚೀಲದ ಸಮೇತ ವಾಪಸ್. "ಬಿಸ್ಲಲ್ಲಿ ಕಟ್ಟಾಕ್ತೀನಿ ಅಂತಾಳೆ ಕಣೇ. ಬರೀ ಮೈ, ಸುಟ್ಟೋಗಲ್ವಾ?" ಎನ್ನುತ್ತಾ ಅದನ್ನು ಚೀಲದಿಂದೆತ್ತಿ ಸೆರಗಿನಲ್ಲಿ ಸುತ್ತಿಕೊಂಡರು. ಮದುವೆಯಾಗಿ ಆರು ವರ್ಷಕ್ಕೆ, ಅಂದು ಮೊದಲ ಸಲ ನನಗೆ ಅತ್ತೆಯನ್ನು ಕಂಡು ಪಾಪ ಅನ್ನಿಸಿತು.

ಮರುದಿನ ಅವರು ಹಿತ್ತಿಲು ಬಿಟ್ಟು ಬೀದಿ ಬಾಗಿಲಲ್ಲೇ ಕಾಲು ಚಾಚಿ ಕೂತರು. "ನೋಡೋರು ನೋಡ್ಲಿ. ಕದ್ದು ಮಾಡೋ ಕೆಲ್ಸ ಅಲ್ಲ ಇದು. ನೀರು ಉಯ್ಯಿ ಬಾ" ಎಂದರು. ತವರಿಗೆ ಹೋಗುತ್ತೇನೆ ಎಂದಿದ್ದ ನಾನೇ ಚೊಂಬು ಹಿಡಿದೆ.

ಚನ್ನಬಸಮ್ಮ ನಾಲ್ಕು ದಿನ ತಮ್ಮ ಜಗುಲಿಯಿಂದಲೇ ನೋಡಿದರು. ಐದನೇ ದಿನ ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟಿ ಬಂದರು. ಜಗಳಕ್ಕೇ ಬಂದರು ಎಂದುಕೊಂಡೆ. ಬಗ್ಗಿ, ಪಿಂಕಿಯ ಬೆನ್ನ ಮೇಲೆ ಬೆರಳಾಡಿಸಿದರು, ಕಂಕುಳು ಎತ್ತಿ ನೋಡಿದರು. ಒಂದು ಗುಳ್ಳೆಯಿಲ್ಲ, ಒಂದು ಹೊಪ್ಪಳೆಯಿಲ್ಲ. ಅವರ ಮುಖ ಇನ್ನೂ ಬಿಗಿಯಾಯಿತು.

"ಅಲ್ಲ ಕಣೇ ಕೆಂಪಾಜಿ, ನನ್ನ ಮಗಳಿಗೆ ಯಾವತ್ತಾದ್ರೂ ಇಷ್ಟೊತ್ತು ತಿಕ್ಕಿದ್ದೀಯೇನೇ ನೀನು?"

ಅದು ಅಪ್ಪಟ ಹೊಟ್ಟೆಕಿಚ್ಚು.

"ನಿನ್ ಮಗ್ಳು ಇಂಗೆ ಸುಮ್ಕೆ ಮಲಗ್ತಿದ್ಲಾ?" ಎಂದರು ಅತ್ತೆ.

ಅಷ್ಟರಲ್ಲಿ ಎದುರು ಮನೆಯ ಕೂಸು ಕಿರುಚತೊಡಗಿತು. ಇಬ್ಬರೂ ಒಟ್ಟಿಗೆ ಅತ್ತ ತಿರುಗಿದರು. "ಬಾರೇ ಮತ್ತೆ, ಏನ್ ನೋಡ್ತಾ ಕೂತಿದ್ದೀಯ" ಎಂದು ಚನ್ನಬಸಮ್ಮ ಗದರಿದರು. ಅತ್ತೆ ಒದ್ದೆ ನಾಯಿಯನ್ನು ನನ್ನ ಮಡಿಲಿಗೆ ತಳ್ಳಿ, ಮೊಣಕೈವರೆಗೆ ಎರಡೆರಡು ಸಲ ಸೋಪು ಹಾಕಿ ಕೈ ತೊಳೆದು, ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿದರು.

ನಾನು ಪಿಂಕಿಯನ್ನು ಒರೆಸುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಆ ಮನೆಯ ಅಳು ನಿಂತಿತು.