ಅತ್ತೆ ಹೂತ ತುಪ್ಪ

ಮುಳ್ಳೂರಿನ ಮನೆಗೆ ಸೊಸೆಯಾಗಿ ಬಂದ ಮರುವರ್ಷ ನಾನು ಬಸುರಿಯಾದೆ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ತಾಯಿ ಇರಲಿಲ್ಲ. ಯಳಂದೂರಿನ ತೌರಿನಲ್ಲಿ ಅಪ್ಪ ಒಬ್ಬರೇ. ಚೊಚ್ಚಲ ಹೆರಿಗೆಗೆ ಎಲ್ಲಿಗೆ ಹೋಗುವುದೆಂದು ನಾನು ಒಳಗೊಳಗೇ ಕೊರಗುವುದನ್ನು ಅತ್ತೆ ಹೇಗೋ ಕಂಡುಕೊಂಡಿದ್ದರು.

"ತೌರಿಲ್ಲ ಅಂತ ಯಾಕವ್ವ ಅಳ್ತೀಯ? ನಾನಿಲ್ವಾ? ಇಲ್ಲೇ ಹೆರು" ಅಂದರು.

ಅಂದಿನಿಂದ ಬೆಣ್ಣೆ ಮಾರುವುದನ್ನು ನಿಲ್ಲಿಸಿದರು. ಮನೆಯ ಎಮ್ಮೆಯ ಬೆಣ್ಣೆಯನ್ನೆಲ್ಲ ಕೂಡಿಟ್ಟು, ನುಗ್ಗೆಸೊಪ್ಪು ಹಾಕಿ ಕಾಯಿಸಿ, ಬಾಣಂತನಕ್ಕೆಂದು ತುಪ್ಪ ಮಾಡಿದರು. ಹಳೆಯ ಮಣ್ಣಿನ ಗಡಿಗೆ ಸೀಳು ಬಿಟ್ಟಿತ್ತು, ಇರುವೆ ನುಗ್ಗುತ್ತಿತ್ತು. ಆ ವರ್ಷವೇ ಮಾವ ಭತ್ತದ ಹುಳುವಿಗೆ ಔಷಧಿ ಹೊಡೆಯಲು ಶುರು ಮಾಡಿದ್ದರು. ಅದರ ಖಾಲಿ ಡಬ್ಬಗಳು ಮನೆಯಲ್ಲಿದ್ದವು. ಫಳಫಳ ಹೊಳೆಯುವ ತಗಡು, ಗಾಳಿಯಾಡದ ಮುಚ್ಚಳ. ಊರಿನ ಹೆಂಗಸರು ಅಂಥ ಡಬ್ಬಕ್ಕೆ ಮುಗಿಬೀಳುತ್ತಿದ್ದರು.

ಅತ್ತೆ ಎರಡು ಡಬ್ಬ ತೆಗೆದುಕೊಂಡು ಬೂದಿ ಹಚ್ಚಿ, ಹುಣಸೆಹಣ್ಣು ಹಾಕಿ ತಿಕ್ಕಿ, ಸೀಗೆಪುಡಿಯಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿದರು. ತಾವು ಮೂಸಿ ನೋಡಿ ನನಗೂ ಕೊಟ್ಟರು. ಹುಣಸೆಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಒಂದಕ್ಕೆ ತುಪ್ಪ ಸುರಿದರು. ಇನ್ನೊಂದನ್ನು ರೇಷ್ಮೆ ಹುಳದ ಕೋಣೆಯ ಬಾಗಿಲಲ್ಲಿ ಇಟ್ಟರು, ಹಿಪ್ಪುನೇರಳೆ ಸೊಪ್ಪು ಬಾಡದಂತೆ ನೀರು ಚಿಮುಕಿಸಲು.

ಹೆರಿಗೆಯವರೆಗೆ ಕಾಯಲು ಅವರಿಗೆ ಆಗಲಿಲ್ಲ. ಬಿಸಿ ಅನ್ನದ ಮೇಲೆ ದಿನಾ ಒಂದು ಚಮಚ ಹಾಕುತ್ತಿದ್ದರು.

ಬೇಸಿಗೆ. ಹುಳುಗಳು ಪೊರೆ ಕಳಚುವ ಕೊನೆಯ ಜ್ವರದಿಂದೆದ್ದು ಹಸಿವಿನಿಂದ ಮೇಯುವ ಹೊತ್ತು. ಆ ಸದ್ದು ಮನೆಯೊಳಗೇ ಮಳೆ ಬಂದ ಹಾಗೆ. ಹೊಸ ಡಬ್ಬದ ನೀರನ್ನು ಅತ್ತೆ ಮೊದಲು ಬಳಸಿದ್ದು ಅವತ್ತು ಬೆಳಿಗ್ಗೆ. ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಊಟಕ್ಕೆ ಕುಳಿತಾಗ ಆ ಸದ್ದು ನಿಂತುಹೋಗಿತ್ತು.

ಕೋಣೆಯಿಂದ ಅತ್ತೆಯ ದನಿ ಕೇಳಿತು. "ಬನ್ರೋ ಇಲ್ಲಿ! ಹುಳ ತಲೆ ಎತ್ಕಂಡು ಒದ್ದಾಡ್ತಾವೆ, ಹಸ್ರು ಕಕ್ತಾವೆ!"

ಮಾವನೂ ನನ್ನ ಗಂಡನೂ ಓಡಿದರು.

"ಸೊಪ್ಪಿಗೆ ಔಸ್ದಿ ಬಿತ್ತೇನಪ್ಪ?" ಎಂದು ಗಂಡ ಕೇಳಿದರು.

"ತೋಟ ಎಲ್ಲದೆ, ಗದ್ದೆ ಎಲ್ಲದೆ? ಎಂಗ್ಲಾ ಬಿದ್ದದು?" ಎಂದರು ಮಾವ.

ಅತ್ತೆ ಬಾಗಿಲಲ್ಲಿದ್ದ ಡಬ್ಬ ನೋಡಿದರು. ಆಮೇಲೆ ಅಡುಗೆಮನೆಗೆ ನುಗ್ಗಿ ಬಂದು ನನ್ನ ತಟ್ಟೆಯನ್ನು ಆಚೆ ತಳ್ಳಿದರು. ನನ್ನ ಕೈಯಲ್ಲಿ ತುತ್ತು ಇತ್ತು, ಬಾಯಲ್ಲೂ ಇತ್ತು.

"ಉಗಿಯವ್ವ, ಉಗಿ!"

ತಮ್ಮ ಸೆರಗಿನಿಂದಲೇ ನನ್ನ ಬಾಯಿ, ನಾಲಿಗೆ ಒರೆಸಿದರು. ಆಮೇಲೆ ನನ್ನನ್ನು ಅಪ್ಪಿಕೊಂಡು ಅತ್ತರು. ಒಂದು ಬೆಳೆ ರೇಷ್ಮೆ ಹೋದದ್ದು ಅವರಿಗೆ ನೆನಪೇ ಇದ್ದಂತಿರಲಿಲ್ಲ.

ಸಂಜೆಯ ಬಸ್ಸಿಗೆ ಕೊಳ್ಳೇಗಾಲಕ್ಕೆ ಹೋದೆವು. ಡಾಕ್ಟರು ನನ್ನ ಕಣ್ಣು, ನಾಡಿ, ಹೊಟ್ಟೆ ಎಲ್ಲ ನೋಡಿದರು. "ಎಷ್ಟು ತೊಳೆದರೂ ತಗಡಿನ ಬೆಸುಗೆ ಸಂದಿಯಲ್ಲಿ ವಿಷ ಉಳಿದಿರುತ್ತೆ ತಾಯಿ. ತುಪ್ಪ, ಎಣ್ಣೆ ಅದನ್ನ ಎಳ್ಕೊಳುತ್ತೆ. ಈಗಂತೂ ಇವರಿಗೆ ತೊಂದರೆ ಕಾಣ್ತಿಲ್ಲ" ಅಂದರು.

"ಕೂಸಿಗೆ, ಸಾ?" ಎಂದರು ಅತ್ತೆ.

"ಸುಳ್ಳು ಹೇಳಲ್ಲಮ್ಮ. ನನಗೆ ಗೊತ್ತಿಲ್ಲ."

ಊರು ಮುಟ್ಟುವವರೆಗೆ ಅತ್ತೆ ನನ್ನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

ಮರುದಿನ ಊರಾಚೆಯ ಬಂಜರಿನಲ್ಲಿ ಆಳವಾದ ಗುಂಡಿ ತೋಡಿಸಿ ತುಪ್ಪವನ್ನು ಹೂಳಿಸಿದರು. ಇನ್ಯಾರೂ ಎತ್ತಿಕೊಳ್ಳದಿರಲಿ ಎಂದು ಗಂಡ ಡಬ್ಬಗಳಿಗೆ ಹಾರೆಯಿಂದ ತೂತು ಹೊಡೆದರು. ಪಕ್ಕದ ಮನೆಯಾಕೆ ನೋಡುತ್ತ ನಿಂತಿದ್ದಳು.

"ದೀಪಕ್ಕಾದ್ರೂ ಆಯ್ತದಲ್ಲಕ್ಕ. ನಾನೂ ಅಂತದ್ರಲ್ಲೇ ಎಣ್ಣೆ ಮಡ್ಗಿವ್ನಿ. ಉಣ್ತಾನೇ ಇವಿ, ಏನಾಗದೆ?"

ಅತ್ತೆ ಅವಳ ಕೈ ಹಿಡಿದು, ಹೊರಗಿನವರನ್ನು ಎಂದೂ ಬಿಡದ ಹುಳದ ಕೋಣೆಗೆ ಕರೆತಂದರು. ತಟ್ಟೆತಟ್ಟೆಯಲ್ಲೂ ಹುಳುಗಳು ಸುರುಟಿ ಕಪ್ಪಾಗಿ ಬಿದ್ದಿದ್ದವು.

"ನೋಡವ್ವ. ಇವು ಉಂಡದ್ದು ಒಂದೇ ಒಂದೊತ್ತು."

ಆಕೆ ಮನೆಗೆ ಹೋಗಿ ಎಣ್ಣೆ ಚೆಲ್ಲಿದಳು. ಆಮೇಲೆ ಇಬ್ಬರೂ ಸೇರಿ ಬೀದಿಯ ಮನೆಮನೆಗೂ ಹೋದರು. ಕೆಲವರು ಡಬ್ಬ ಬಿಸಾಡಿದರು. ಕೆಲವರು, ತುಪ್ಪ ಹೋದ ಸಂಕಟಕ್ಕೆ ಅತ್ತೆಯ ತಲೆ ಕೆಟ್ಟಿದೆ ಎಂದು ನಕ್ಕರು.

ಉಳಿದ ತಿಂಗಳುಗಳು ಉದ್ದವಾಗಿದ್ದವು. ನೀರು ತರುವಾಗ, ರಾಗಿ ಕೇರುವಾಗ, ಎಲ್ಲೆಂದರಲ್ಲಿ ಅತ್ತೆ ಬಂದು ನನ್ನ ಹೊಟ್ಟೆಯ ಮೇಲೆ ಅಂಗೈ ಇಡುತ್ತಿದ್ದರು.

"ಒದೀತಾ?"

"ಒದೀತು ಅತ್ತೆ."

ಅಷ್ಟು ಕೇಳಿ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ನನಗೂ ಒಳಗೆ ಭಯವಿತ್ತು, ಆದರೆ ಅವರ ಮುಖ ನೋಡಿ ಅದನ್ನು ನುಂಗಿಕೊಂಡೆ.

ಹೆಣ್ಣು ಹುಟ್ಟಿತು. ಹೆಣ್ಣೋ ಗಂಡೋ ಎಂದು ಅತ್ತೆ ಕೇಳಲಿಲ್ಲ. ಸೂಲಗಿತ್ತಿಯ ಕೈಯಿಂದ ಕೂಸನ್ನು ಈಸಿಕೊಂಡು ಬೆಳಕಿಗೆ ಹಿಡಿದು, ಬೆರಳು, ಕಿವಿ, ಕಣ್ಣು ಒಂದೊಂದನ್ನೂ ಮುಟ್ಟಿ ನೋಡಿದರು. ಕೂಸು ಕಿರುಚಿತು.

"ಸೆಂದಾಗದೆ ಕಣವ್ವ. ಎಲ್ಲಾ ಸೆಂದಾಗದೆ" ಎಂದು ಅದನ್ನು ನನ್ನ ಮಗ್ಗುಲಲ್ಲಿ ಮಲಗಿಸಿದರು.

ಬಾಣಂತನದಲ್ಲಿ ಅತ್ತೆ ತುಪ್ಪ ಕೂಡಿಡಲಿಲ್ಲ. ಅಂದಂದಿನ ಬೆಣ್ಣೆಯನ್ನು ಅಂದಂದೇ ಪುಟ್ಟ ಕುಡಿಕೆಯಲ್ಲಿ ಕಾಯಿಸುತ್ತಿದ್ದರು. ಮೊದಲು ತಾವೊಂದು ಚಮಚ ಕುಡಿದು, ಗೋಡೆಗೊರಗಿ ಸ್ವಲ್ಪ ಹೊತ್ತು ಕೂರುತ್ತಿದ್ದರು. ಆಮೇಲೇ ನನ್ನ ಅನ್ನದ ಮೇಲೆ.

"ಅತ್ತೆ, ಅನ್ನ ಆರೋಯ್ತದೆ" ಅನ್ನುತ್ತಿದ್ದೆ.

"ಆರ್ಲಿ ಬುಡು" ಅನ್ನುತ್ತಿದ್ದರು.