ಪಂಖಾ ಜೋರಾಗಿ ತಿರುಗಿದ ಎಳ್ಳಮಾಸಿ

ನನ್ನ ಹೆಂಡತಿಯ ತಮ್ಮ ಈಗ ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ. ಮೊದಲು ಅವನು ಹೊಲದ ಮನೆಗಳಿಗೆ ಕರೆಂಟಿನ ಸಣ್ಣ ಗಾಳಿಯಂತ್ರ ಕೂಡಿಸುತ್ತಿದ್ದ. ಅವನು ಕಟ್ಟಿದ ಕರೆಂಟಿನ ಡಬ್ಬಿ ಸರಿಯಿರಲಿಲ್ಲ, ಅದಕ್ಕೇ ಮಟಕಿ ಊರಿನ ಯಂತ್ರ ಮುರಿಯಿತು ಎಂದು ಆಳಂದದಿಂದ ಜೇವರ್ಗಿಯವರೆಗೆ ಜನ ನಂಬಿದ್ದಾರೆ. ಅದು ಸುಳ್ಳು. ಕೆಡಿಸಿದವನು ನಾನು.

ನಾನು ಮೆಟ್ರಿಕ್‌ವರೆಗೆ ಓದಿದವನು. ಆಳಂದದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದೆ. ಮಟಕಿಯ ಗೌಡರೊಬ್ಬರ ಹೊಲದ ದಿಬ್ಬದ ಮೇಲೆ ಮೈದುನ ನಿಲ್ಲಿಸಿದ ಯಂತ್ರವನ್ನು ಆಗಾಗ ನೋಡಿ ಬರುವ ಕೆಲಸ ನನ್ನದು. ಕಂಬದ ಬುಡದಲ್ಲಿ ಅವನೇ ಕಟ್ಟಿದ ಕನ್ವರ್ಟರಿನ ಡಬ್ಬಿ ಇತ್ತು. ಗಾಳಿ ಏರಿದಂತೆ ಅದು ಹೆಚ್ಚು ಕರೆಂಟು ಎಳೆದು ಬ್ಯಾಟರಿಗೆ ಕೊಡುತ್ತಿತ್ತು. ಬ್ಯಾಟರಿ ತುಂಬಿದರೆ ಉಳಿದದ್ದನ್ನು ಹೀಟರಿನ ಕಾಯಿಲಿಗೆ ಬಿಡುತ್ತಿತ್ತು. ಹಾಗೆ ಎಳೆಯುವುದರಿಂದಲೇ ರೆಕ್ಕೆಗಳು ಹದ ಮೀರುತ್ತಿರಲಿಲ್ಲ, ಭಾರ ಹೇರಿದ ಬಂಡಿಯ ಎತ್ತು ಓಡುವುದಿಲ್ಲವಲ್ಲ, ಹಾಗೆ.

ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಗೌಡರ ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಅವರ ಬೀಗರು ದಿಬ್ಬದ ಮೇಲೆ ನಿಧಾನವಾಗಿ ತಿರುಗುತ್ತಿದ್ದ ಯಂತ್ರ ನೋಡಿ, "ಏನ್ರಿ ಬೀಗರ, ನಿಮ್ಮ ಪಂಖಾ ಕಡಬು ತಿಂದು ಮಲಗ್ಯದೇನು?" ಎಂದರು. ಮಂದಿ ನಕ್ಕರು. ಗೌಡರು ನನ್ನನ್ನು ಪಕ್ಕಕ್ಕೆ ಕರೆದರು.

"ಮಿಸ್ತ್ರಿ, ಮಂದಿ ಮುಂದ ಮರ್ಯಾದಿ ಹೋಗಾಕತ್ತದ. ಸ್ವಲ್ಪ ಜೋರ್ ತಿರುಗಸ್ರಿ."

"ಕರೆಂಟ್ ಎಳಿಯಾಕತ್ತದ್ರಿ ಗೌಡ್ರ, ಅದಕ್ಕ ಹಂಗ."

"ಹಂಗಾರ ಎಳಿಯೋದು ಕಡಿಮಿ ಮಾಡ್ರಿ. ಕರೆಂಟ್ ಯಾರಿಗಿ ಕಾಣ್ತದ?"

ಡಬ್ಬಿ ತೆರೆದು ಕರೆಂಟಿನ ಮಿತಿಯ ತಿರುಪನ್ನು ಇಳಿಸಿದೆ. ಹೊರೆ ತಪ್ಪಿದ ರೆಕ್ಕೆಗಳು ಸುಂಯ್ ಎಂದು ಓಡಿದವು. ಬೀಗರು ಶಹಭಾಸ್ ಎಂದು ನನಗೆ ಇನ್ನೊಂದು ಕಡಬು ಬಡಿಸಿದರು. ಸಂಜೆ ತಿರುಪನ್ನು ಮೊದಲಿನ ಜಾಗಕ್ಕೆ ತರಬೇಕಿತ್ತು. ತರಲಿಲ್ಲ. ಗೌಡರಿಗೆ ಆ ಓಟ ಹಿಡಿಸಿತ್ತು, ನನಗೆ ಆ ಹೊಗಳಿಕೆ.

ಬೇಸಿಗೆಯ ಮೊದಲ ಬಿರುಗಾಳಿಗೆ ಡಬ್ಬಿ ಬೇಕಾದಷ್ಟು ಎಳೆಯಲಾರದೆ ಹೋಯಿತು. ರೆಕ್ಕೆಗಳು ಹಿಡಿತ ತಪ್ಪಿದವು, ವೋಲ್ಟೇಜ್ ಏರಿ ಕನ್ವರ್ಟರ್ ಸುಟ್ಟಿತು, ಒಂದು ರೆಕ್ಕೆ ಕಿತ್ತುಹೋಗಿ ಜೋಳದ ಕಣಿಕೆಯ ಬಣವೆಯಲ್ಲಿ ನೆಟ್ಟುಕೊಂಡಿತು. ಯಾರಿಗೂ ಪೆಟ್ಟಾಗಲಿಲ್ಲ.

ಮೈದುನ ಬಂದು ಕರಕಲಾದ ಡಬ್ಬಿ ತೆರೆದ. ತಿರುಪು ಕರಗಿಹೋಗಿತ್ತು, ಅದನ್ನು ಎಷ್ಟಕ್ಕೆ ಇಟ್ಟಿತ್ತೆಂದು ತಿಳಿಯುವಂತಿರಲಿಲ್ಲ.

"ಮಾವ, ನೀವೇನರ ಮುಟ್ಟಿದ್ರೇನು?"

ಗೌಡರು ನನ್ನ ಮುಖ ನೋಡಿದರು.

"ಇಲ್ಲಪಾ," ಎಂದೆ.

ಗೌಡರೂ ಬಾಯಿ ಬಿಡಲಿಲ್ಲ. ಡಬ್ಬಿಯೇ ಸರಿಯಿರಲಿಲ್ಲವೆಂದು ಸುದ್ದಿ ಹಬ್ಬಿತು. ಯಂತ್ರ ಬೇಕೆಂದಿದ್ದ ಅಫಜಲಪುರದವರೊಬ್ಬರು, ಜೇವರ್ಗಿಯ ಇಬ್ಬರು ಬೇಡವೆಂದರು. "ನನ್ನ ಲೆಕ್ಕ ಎಲ್ಲೋ ತಪ್ಪ್ಯದ ಅಕ್ಕಾ," ಎಂದು ಅವನು ನನ್ನ ಹೆಂಡತಿಗೆ ಹೇಳುತ್ತಿದ್ದ. ನಾನು ಅಲ್ಲೇ ಕುಳಿತು ಉಣ್ಣುತ್ತಿದ್ದೆ. ರುಚಿ ತಿಳಿಯುತ್ತಿರಲಿಲ್ಲ, ಅಷ್ಟೇ. ಕೊನೆಗೆ ಅವನು ಆ ಕೆಲಸವನ್ನೇ ಬಿಟ್ಟ.

ಈಚೆಗೆ ಹವಳಗಾಕ್ಕೆ ಹೋಗಿ ಅವನಿಗೆ ಹೇಳಿದೆ. ಅವನು ಬೈಯಲಿಲ್ಲ.

"ಎಷ್ಟು ಇಳಿಸಿದ್ರಿ?"

"ಅರ್ಧಕ್ಕಿಂತ ಕೆಳಗ."

ಚಹಾದ ಕಪ್ಪು ಕೆಳಗಿಟ್ಟ. "ಅಂದ್ರ ಡಬ್ಬಿ ಬರೋಬರಿ ಇತ್ತು."

"ಇತ್ತಪಾ."

"ನನಗ್ಯಾಕ ಹೇಳಾಕತ್ತೀರಿ ಮಾವ? ಆ ಮಂದಿಗಿ ಹೇಳ್ರಿ."

ಮೊದಲು ಮಟಕಿಗೆ ಹೋದೆ. ಗೌಡರು, "ಹಳೇದು ಯಾಕ ಕೆದರ್ತೀರಿ?" ಎಂದು ಒಳಗೆ ಹೋದರು. ಯಂತ್ರ ಬೇಡವೆಂದಿದ್ದ ಆ ಮೂವರ ಮನೆಗೂ ಹೋದೆ. ಒಬ್ಬರು ಕೇಳಿಸಿಕೊಂಡು ನೀರು ಕೊಟ್ಟು ಕಳಿಸಿದರು. ಒಬ್ಬರು ಸೋಲಾರ್ ಹಾಕಿಸಿದ್ದಾರಂತೆ. ಜೇವರ್ಗಿಯ ಹಿರಿಯರು ಮಾತ್ರ, "ಈಗ ಮಾಡಿ ಕೊಡ್ತಾನೇನ್ರಿ ಅವ?" ಎಂದು ಕೇಳಿದರು. ಉಳಿದವರಿಗೆ ತಿಳಿಯಲೆಂದು ಇದನ್ನು ಬರೆದೆ.

ಜೇವರ್ಗಿಯ ಬಸ್ ನಿಲ್ದಾಣದಿಂದಲೇ ಮೈದುನನಿಗೆ ಫೋನ್ ಮಾಡಿ ಆ ಪ್ರಶ್ನೆ ಮುಟ್ಟಿಸಿದೆ. ಅವನು, "ಪಾಳಿಗಿ ಹೊತ್ತಾತ್ರಿ ಮಾವ, ಇಡ್ತೇನಿ," ಎಂದ.